ಹೊಂಗೆಮರದ ಕೆಳಗಿನ ಪಿಕಪ್ಪು

ನಿವೃತ್ತನಾದ ಮೇಷ್ಟ್ರು ಹೊತ್ತು ಹೇಗೆ ಕಳೆಯುತ್ತಾನೆಂಬ ಕುತೂಹಲ ಶಿಷ್ಯವರ್ಗದಲ್ಲಿ ಸಹಜವಾದದ್ದು. ಕಳೆದ ಯುಗಾದಿಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಕಾಲಿಗೆ ನಮಸ್ಕರಿಸಿ ಎದ್ದವನು ನನ್ನ ಉಗುರಿನ ಸಂದಿಯಲ್ಲಿದ್ದ ಕಪ್ಪು ಗ್ರೀಸನ್ನು ನೋಡಿ ಬೆರಗಾದ. ಕೃಷ್ಣರಾಜಪೇಟೆಯ ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಇದೇ ಹುಡುಗನ ಉಗುರನ್ನು ತಪಾಸಣೆ ಮಾಡಿ, ಮಣ್ಣಿದ್ದರೆ ಕೊಳಾಯಿಗೆ ಅಟ್ಟುತ್ತಿದ್ದವನು ನಾನು. "ಸಾರ್, ಇದೇನು?" ಎಂದು ಅವನು ಕೇಳಿದ್ದು ನ್ಯಾಯವಾಗಿತ್ತು. ನಾನು ಹಾರಿಕೆಯ ಉತ್ತರ ಕೊಟ್ಟೆ. ಆ ಉತ್ತರ ಅಂದಿನಿಂದ ನನ್ನನ್ನು ಕೊರೆಯುತ್ತಿರುವುದರಿಂದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನೆಂಟರಿಷ್ಟರಲ್ಲಿ ಕೆಲವರಿಗೆ ಇದರ ಅರ್ಧ ಭಾಗ ಗೊತ್ತು. ಇನ್ನರ್ಧ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನನ್ನ ಉಗುರಿನ ಕಪ್ಪಿಗೆ ಕಾರಣ 1968ರ ಒಂದು ಮಹೀಂದ್ರ ಎಫ್.ಸಿ. 150 ಪಿಕಪ್ಪು. ಈಗಿನ ಮಕ್ಕಳು ಇಂಥದನ್ನು ಕಂಡಿರಲಾರರು. ಎಫ್.ಸಿ. ಎಂದರೆ ಫಾರ್ವರ್ಡ್ ಕಂಟ್ರೋಲ್. ಚಾಲಕನು ಎಂಜಿನ್ನಿನ ಹಿಂದೆ ಕೂರುವ ಬದಲು ಅದರ ಮಗ್ಗುಲಲ್ಲೇ, ಮುಂದಿನ ಗಾಲಿಗಳ ಮೇಲೆ ಕೂರುವ ಏರ್ಪಾಡು. ಅಮೆರಿಕದ ವಿಲ್ಲೀಸ್ ಕಂಪನಿ 1956ರ ಸುಮಾರಿಗೆ ತನ್ನ ಜೀಪಿನ ಚೌಕಟ್ಟಿನ ಮೇಲೆ ಈ ಗಾಡಿಯನ್ನು ರೂಪಿಸಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ್ದ ಮಹೀಂದ್ರದವರು 1960ರ ದಶಕದಲ್ಲಿ ಇದನ್ನೂ ಇಲ್ಲಿ ತಯಾರಿಸತೊಡಗಿದರು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಕೇವಲ 81 ಅಂಗುಲ. ಮೂತಿಯೇ ಇಲ್ಲದ ಈ ಗಾಡಿಯನ್ನು ನಮ್ಮೂರಿನವರು ಪ್ರೀತಿಯಿಂದ "ಮೊಂಡು ಜೀಪು" ಎನ್ನುತ್ತಿದ್ದರು.

ಎಂಜಿನ್ನು ಚಾಲಕನ ಮತ್ತು ಪಕ್ಕದವನ ನಡುವೆ, ಒಂದು ತಗಡಿನ ಪೆಟ್ಟಿಗೆಯ ಒಳಗೆ ಇರುತ್ತದೆ. ಮಾಘದ ಚಳಿಯಲ್ಲಿ ಅದು ಒಲೆಯ ಪಕ್ಕ ಕೂತಷ್ಟು ಹಿತ. ವೈಶಾಖದಲ್ಲಿ ಅದೇ ಶಿಕ್ಷೆ. ಆ ಪೆಟ್ಟಿಗೆಯ ಎರಡು ಪಕ್ಕದಲ್ಲಿ ಕೂತ ಇಬ್ಬರು ಮಾತನಾಡಬೇಕಾದರೆ ಗಂಟಲು ಎತ್ತಲೇಬೇಕು. ಇದನ್ನು ಈಗ ಹೇಳುತ್ತಿರುವುದಕ್ಕೆ ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ನಮ್ಮ ತಂದೆಯವರು ಈ ಗಾಡಿಯನ್ನು 1974ರಲ್ಲಿ ಎರಡನೆಯ ಕೈಯಿಂದ ಕೊಂಡರು. ಪಾಂಡವಪುರಕ್ಕೂ ಚಿನಕುರಳಿಗೂ ನಡುವೆ ಇರುವ ನಮ್ಮ ಊರು ವಿಶ್ವೇಶ್ವರಯ್ಯ ನಾಲೆಯ ನೀರು ಕಂಡು ಕಬ್ಬಿನ ಊರಾದದ್ದು. ಹಿಂದಿನ ತಲೆಮಾರಿನವರು ರಾಗಿ, ಹುರುಳಿ ಬೆಳೆದ ಹೊಲದಲ್ಲಿ ನಮ್ಮ ತಂದೆ ಆಲೆಮನೆ ಹಾಕಿದರು. ಕೊಪ್ಪರಿಗೆಯಿಂದ ಇಳಿಸಿದ ಪಾಕ ಅಚ್ಚಿನಲ್ಲಿ ಗಟ್ಟಿಯಾಗಿ, ಬೆಲ್ಲ ಮಂಡ್ಯದ ಮಾರುಕಟ್ಟೆಗೆ ಹೋಗುತ್ತಿದ್ದುದು ಈ ಗಾಡಿಯಲ್ಲೇ. ಮರಳುವಾಗ ಗೊಬ್ಬರದ ಮೂಟೆ, ಹಿಂಡಿ, ಒಮ್ಮೊಮ್ಮೆ ಮದುವೆಯ ಪಾತ್ರೆಗಳು. ಮೇಲುಕೋಟೆಯ ವೈರಮುಡಿಗೆ ಅರ್ಧ ಊರೇ ಇದರ ಹಿಂಭಾಗದಲ್ಲಿ ನಿಂತು ಹೋಗುತ್ತಿತ್ತು. ನಾನು ಆಗ ನಾಗಮಂಗಲದಲ್ಲಿ ಮೇಷ್ಟ್ರು. ವರ್ಗವಾದಾಗಲೆಲ್ಲ ನನ್ನ ಪುಸ್ತಕದ ಪೆಟ್ಟಿಗೆಗಳನ್ನೂ ಮಂಚವನ್ನೂ ಊರಿಂದೂರಿಗೆ ಹೊತ್ತದ್ದು ಇದೇ. ನಡೆಸುತ್ತಿದ್ದವನು ಮಾತ್ರ ನನ್ನ ತಮ್ಮ. ಅವನು ನನಗಿಂತ ಆರು ವರ್ಷ ಚಿಕ್ಕವನು. ಎಸ್ಸೆಸ್ಸೆಲ್ಸಿ ದಾಟದೆ ಬೇಸಾಯಕ್ಕೆ ನಿಂತವನು. ಮನೆಯಲ್ಲಿ ನಾನು ಓದಿದವನು, ಅವನು ದುಡಿದವನು ಎಂದು ಹೆಸರಾಗಿತ್ತು. ಈ ಹೆಸರುಗಳು ಎಷ್ಟು ಹಾನಿ ಮಾಡಬಲ್ಲವೆಂಬುದು ಆಗ ತಿಳಿದಿರಲಿಲ್ಲ.

1978ರ ವೈರಮುಡಿಯ ಮರುದಿನ ಮೇಲುಕೋಟೆಯಿಂದ ಜಕ್ಕನಹಳ್ಳಿಯ ಕಡೆಗೆ ಇಳಿಯುವಾಗ ಬ್ರೇಕು ಸೋತಿತು. ಆ ಗಾಡಿಗೆ ನಾಲ್ಕು ಗಾಲಿಗೂ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ಜಾಡು. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಗಾಲಿಗಳ ಬ್ರೇಕು ಹೋಯಿತೆಂದೇ ಲೆಕ್ಕ. ಹಿಂಭಾಗದಲ್ಲಿ ಹೆಂಗಸರು ಮಕ್ಕಳು ಸೇರಿ ಹದಿನಾರು ಜನರಿದ್ದರು. ನಾನು ಪಕ್ಕದಲ್ಲಿ ಕೂತು ದೇವರ ಹೆಸರು ಹೇಳುತ್ತಿದ್ದೆ. ತಮ್ಮ ಒಂದು ಮಾತೂ ಆಡದೆ ಕ್ಲಚ್ಚು ಎರಡು ಸಲ ಒತ್ತಿ ಗೇರನ್ನು ಕೆಳಕ್ಕೆ ಇಳಿಸಿದ. ಮೊದಲನೆಯ ಗೇರು ಓಡುವ ಗಾಡಿಯಲ್ಲಿ ಸುಲಭಕ್ಕೆ ಕೂಡುವಂಥದಲ್ಲ. ಅದನ್ನೂ ಕೂಡಿಸಿ, ಗಾಡಿಯ ಎಡಮಗ್ಗುಲನ್ನು ಗುಡ್ಡದ ಮಣ್ಣಿಗೆ ಉಜ್ಜಿಸಿ ನಿಲ್ಲಿಸಿದ. ಯಾರಿಗೂ ತರಚಲಿಲ್ಲ. ಅವನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಎಡಬಾಗಿಲಿನ ಆ ತಗ್ಗು ಇಂದಿಗೂ ಇದೆ. ಅದನ್ನು ತಟ್ಟಿ ಸರಿಮಾಡಬಾರದೆಂದು ನಾನೇ ಹಟ ಹಿಡಿದೆ.

ತಂದೆಯವರು 1989ರಲ್ಲಿ ತೀರಿಕೊಂಡರು. ಮಾರನೆಯ ವರ್ಷ ಭಾಗವಾಯಿತು. ಹೊಲ, ತೆಂಗು, ಮನೆ, ಪಾತ್ರೆ ಎಲ್ಲವೂ ಪಂಚಾಯಿತಿದಾರರ ಎದುರಿನಲ್ಲಿ ಸಲೀಸಾಗಿ ಹಂಚಿಹೋದವು. ಕಡೆಗೆ ಉಳಿದದ್ದು ಪಿಕಪ್ಪು. ತಮ್ಮ ಅದು ತನಗೆ ಬೇಕೆಂದ. ನಾನು ಅದರ ಬೆಲೆ ಕಟ್ಟಿ ಅರ್ಧ ಕೊಡಲಿ ಎಂದೆ. ನನಗೆ ತಿಂಗಳ ಸಂಬಳವಿತ್ತು, ಅವನ ಕಬ್ಬಿನ ಬಾಕಿ ಹಣ ಬಂದಿರಲಿಲ್ಲ. ಈ ಎರಡೂ ನನಗೆ ಗೊತ್ತಿದ್ದವು. ಆದರೂ ನ್ಯಾಯ ನ್ಯಾಯವೇ ಎಂದು ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ವಾದಿಸಿದೆ. ತೀರ್ಮಾನ ಆಗಲಿಲ್ಲ. ಅಂದು ರಾತ್ರಿ ನಾನು ಟಾರ್ಚು ಹಿಡಿದು ಹೋಗಿ, ಎಂಜಿನ್ನಿನ ಪೆಟ್ಟಿಗೆ ಬಿಚ್ಚಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಅದರೊಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ರೋಟರ್ ಎಂದರೆ ಹೆಬ್ಬೆರಳ ಗಾತ್ರದ ಒಂದು ಬೇಕಲೈಟಿನ ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆಯ ಪಟ್ಟಿ. ಅದು ಸುತ್ತುತ್ತ ನಾಲ್ಕು ಸಿಲಿಂಡರುಗಳಿಗೂ ಸರದಿಯಂತೆ ಕಿಡಿಯನ್ನು ಹಂಚುತ್ತದೆ. ಈ ಎಂಜಿನ್ನಿನಲ್ಲಿ ಆ ಸರದಿ ಒಂದು, ಮೂರು, ನಾಲ್ಕು, ಎರಡು. ಅದಿಲ್ಲದಿದ್ದರೆ ಗಾಡಿಯಲ್ಲಿ ಮಿಕ್ಕಿದ್ದೆಲ್ಲ ಸರಿಯಿದ್ದರೂ ಎಂಜಿನ್ನು ಕೆಮ್ಮುವುದೂ ಇಲ್ಲ. ಸೈನ್ಯದವರು ಜೀಪನ್ನು ಬಿಟ್ಟು ಹೋಗುವಾಗ ಶತ್ರುವಿಗೆ ದಕ್ಕದಿರಲೆಂದು ಇದನ್ನು ಕಿತ್ತು ಜೇಬಿಗಿಡುತ್ತಿದ್ದರೆಂದು ಎಲ್ಲೋ ಓದಿದ್ದೆ. ಓದಿದ ವಿದ್ಯೆಯನ್ನು ನಾನು ಒಡಹುಟ್ಟಿದವನ ಮೇಲೆ ಪ್ರಯೋಗಿಸಿದೆ. ಕಳ್ಳತನವೆಂಬ ಪದ ಆ ಹೊತ್ತು ನನ್ನ ಮನಸ್ಸಿಗೆ ಬರಲಿಲ್ಲ. "ಇತ್ಯರ್ಥವಾಗುವ ತನಕ ಜೋಪಾನ" ಎಂದುಕೊಂಡೆ. ಮಾರನೆಯ ಬೆಳಗ್ಗೆ ತಮ್ಮ ಹ್ಯಾಂಡಲ್ ಹೊಡೆದು ಹೊಡೆದು ಬೆವೆತದ್ದನ್ನು ಜಗುಲಿಯಲ್ಲಿ ಕೂತು ನೋಡಿದೆ. ಅವನು ಮುಚ್ಚಳ ತೆಗೆದು ನೋಡಿದ. ನನ್ನ ಕಡೆ ತಿರುಗಿದ. ಏನೂ ಹೇಳದೆ ಮುಚ್ಚಳ ಹಾಕಿ ಒಳಗೆ ಹೋದ. ಅಂದಿನಿಂದ ಮೂವತ್ತೆರಡು ವರ್ಷ ನಾವು ಮಾತನಾಡಲಿಲ್ಲ.

ಗಾಡಿ ಇಬ್ಬರ ಹಿತ್ತಿಲಿನ ಗಡಿಯಲ್ಲಿದ್ದ ಹೊಂಗೆಮರದ ಕೆಳಗೆ ನಿಂತುಬಿಟ್ಟಿತು. ನಾನು ಪಾಂಡವಪುರದಲ್ಲಿ ಮನೆ ಕಟ್ಟಿಸಿದೆ. 2006ರಲ್ಲಿ ನಿವೃತ್ತನಾದೆ. 2009ರಲ್ಲಿ ತಮ್ಮನ ಹೆಂಡತಿ ತೀರಿಕೊಂಡಾಗ ಹೋದೆ. ಊರಿನವರ ನಡುವೆ ಊರಿನವನಂತೆ ನಿಂತಿದ್ದು, ಮಣ್ಣು ಹಾಕಿ ಬಂದೆ. ಆ ಹೆಣ್ಣುಮಗಳು ನನ್ನ ಹೆಂಡತಿಯ ಎರಡೂ ಬಾಣಂತನ ಮಾಡಿದವಳು.

2022ರ ಸಂಕ್ರಾಂತಿಯ ರಜೆಯಲ್ಲಿ ಒಂಬತ್ತು ವರ್ಷದ ಮೊಮ್ಮಗ ನನ್ನ ಮೇಜಿನ ಖಾನೆಯಲ್ಲಿ ಗೋಲಿ ಹುಡುಕುತ್ತ ಆ ರೋಟರನ್ನು ಎತ್ತಿಕೊಂಡು ಬಂದ. "ತಾತ, ಇದೇನು?" ಎಂದ. ಅದೇ ವಾರ ಗುಜರಿಯವನೊಬ್ಬ ಪಿಕಪ್ಪನ್ನು ತೂಕಕ್ಕೆ ಕೇಳಿ ಹೋಗಿದ್ದ. ಇಬ್ಬರೂ ಒಪ್ಪಿದರೆ ಮಾತ್ರ ಎಂದು ತಮ್ಮ ಅವನನ್ನು ನನ್ನ ಹತ್ತಿರ ಕಳಿಸಿದ್ದ. ನಾನು ಮೂವತ್ತೈದು ವರ್ಷ ಮಕ್ಕಳಿಗೆ ನಿಜ ಹೇಳಿರೆಂದು ಬೋಧಿಸಿದವನು. ಮೊಮ್ಮಗನಿಗೆ ಅದು ಏನೆಂದು ಹೇಳಿದೆ. ಯಾರದೆಂದೂ ಹೇಳಬೇಕಾಯಿತು. "ಹಾಗಾದ್ರೆ ವಾಪಸ್ ಕೊಡ್ಬೇಕಲ್ವಾ?" ಎಂದ ಅವನು. ಶಾಲೆಯಲ್ಲಿ ಪೆನ್ಸಿಲು ಕದ್ದವನಿಗೆ ನಾನು ಹೇಳುತ್ತಿದ್ದುದೂ ಇಷ್ಟೇ.

ಹೋದೆ. ತಮ್ಮ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ. ರೋಟರು ನನ್ನ ಜೇಬಿನಲ್ಲಿತ್ತು. ಕೈ ಜೇಬಿಗೆ ಹೋಗಲಿಲ್ಲ. "ಗಾಡಿ ಗುಜರಿಗೆ ಕೊಡೋದು ಬೇಡ. ರಿಪೇರಿ ಮಾಡಿಸೋಣ ಅಂತ" ಎಂದೆ. ಅವನು ಬಹಳ ಹೊತ್ತು ಹುಣಸೆಯ ನಾರು ತೆಗೆಯುತ್ತಿದ್ದು, "ಬ್ರೇಕಿಂದ ಸುರು ಮಾಡ್ಬೇಕು. ನಿಲ್ಲಾದ್ ಕಲೀದೆ ಹೊಂಟು ಏನ್ ಮಾಡ್ತದೆ ಅದು" ಎಂದ. ನಮ್ಮ ನಡುವಿನ ಸಂಧಾನವೆಲ್ಲ ಇಷ್ಟೇ.

ಶ್ರೀರಂಗಪಟ್ಟಣದಲ್ಲಿ ಹಿಂದೆ ಗ್ಯಾರೇಜು ನಡೆಸುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ವಾರಕ್ಕೊಂದು ದಿನ ಬಂದು ದಾರಿ ತೋರಿಸಲು ಒಪ್ಪಿದರು. ಮಿಕ್ಕ ದಿನ ನಾವಿಬ್ಬರೇ. ಮರದ ಕೆಳಗೆ ತಗಡಿನ ಚಪ್ಪರ ಹಾಕಿದೆವು. ಗಾಡಿಯ ಸ್ಥಿತಿ ಶೋಚನೀಯವಾಗಿತ್ತು. ಕಾಲಿಡುವ ತಗಡು ತುಕ್ಕು ಹಿಡಿದು ಹಪ್ಪಳದಂತೆ ಮುರಿಯುತ್ತಿತ್ತು; ಸೀಟಿನ ಒಳಗೆ ಇಲಿಯ ಸಂಸಾರ, ಹೆಡ್‌ಲೈಟಿನ ಗೂಡಿನಲ್ಲಿ ಕಣಜ. ಹೊಂಗೆಯ ಎಲೆ ಕೊಳೆತು ಹಿಂದಿನ ತೊಟ್ಟಿಯಲ್ಲಿ ಒಂದು ಗೇಣು ಗೊಬ್ಬರ.

ಮೊದಲ ಪಾಠ ಗಣಿತದ್ದೇ ಆಯಿತು. ಈ ಗಾಡಿಯ ನಟ್ಟು ಬೋಲ್ಟುಗಳೆಲ್ಲ ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು; 12ರ ಸ್ಪ್ಯಾನರು ಒಳಗೆ ಹೋಗದು, 13ರದು ಸಡಿಲ. ಸಡಿಲವಾದದ್ದನ್ನು ಹಾಕಿ ಬಲ ಬಿಟ್ಟರೆ ನಟ್ಟಿನ ಮೂಲೆ ಸವೆದು ಗುಂಡಾಗುತ್ತದೆ, ಆಮೇಲೆ ಉಳಿಯೇ ಗತಿ. ಹದಿನಾರರಲ್ಲಿ ಏಳು, ಹದಿನಾರರಲ್ಲಿ ಒಂಬತ್ತು ಎಂಬ ಭಿನ್ನರಾಶಿಗಳನ್ನು ನಾನು ಎಷ್ಟು ಮಕ್ಕಳಿಗೆ ಕಲಿಸಿರುವೆನೋ! "ಇದರಿಂದೇನು ಪ್ರಯೋಜನ ಸಾರ್?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರಿಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಉತ್ತರ ಸಿಕ್ಕಿತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅಂಗುಲದ ಸ್ಪ್ಯಾನರು ಸೆಟ್ಟನ್ನೂ ಬ್ರೇಕಿನ ರಬ್ಬರುಗಳನ್ನೂ ತಂದೆವು. ಜೀಪಿನ ಸಂತತಿ ಬಹಳ ಕಾಲ ನಮ್ಮ ದೇಶದಲ್ಲಿ ಬಾಳಿದ್ದರಿಂದ ಅದರ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಈ ಮೂತಿಯಿಲ್ಲದ ಗಾಡಿಯ ಬಾಗಿಲು, ಗಾಜು, ಹಿಡಿಗಳು ಮಾತ್ರ ಸಿಗುವುದಿಲ್ಲ.

ಬ್ರೇಕ್ ಡ್ರಮ್ಮು ಬಿಚ್ಚಿದಾಗ ಒಳಗೆ ಬೂದಿಯಂಥ ಧೂಳು. ಮೇಸ್ತ್ರಿಗಳು ಅಭ್ಯಾಸಬಲದಿಂದ ಬಾಯಿಂದ ಊದಲು ಬಗ್ಗಿದರು, ನಾನು ತಡೆದೆ. ಆ ಕಾಲದ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ನವಿರಾದ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಮುಖಕ್ಕೆ ಕಟ್ಟಿಕೊಂಡು, ನೀರು ಹಾಕಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಹೂತೆವು. ಇಂಥ ಕೆಲಸಕ್ಕೆ ಇಳಿಯುವ ನನ್ನ ಶಿಷ್ಯರು ಇದನ್ನು ನೆನಪಿಡಬೇಕು.

ಹೊಸ ರಬ್ಬರು, ಹೊಸ ಪೈಪು ಹಾಕಿ ಎಣ್ಣೆ ತುಂಬಿದ ಮೇಲೆ ಬ್ರೇಕಿನ ಜಾಡಿನಿಂದ ಗಾಳಿ ತೆಗೆಯಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಬಲವನ್ನು ಗಾಲಿಗೆ ಮುಟ್ಟಿಸುತ್ತದೆ, ಗಾಳಿ ಕುಗ್ಗುತ್ತದೆ. ಒಂದು ಗುಳ್ಳೆ ಉಳಿದರೂ ಪೆಡಲು ಮೆತ್ತಗಾಗುತ್ತದೆ. ಈ ಕೆಲಸ ಒಬ್ಬರಿಂದ ಆಗದು. ಒಬ್ಬ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಗಾಲಿಯ ಬಳಿಯ ತಿರುಪನ್ನು ಸಡಿಲಿಸಿ, ಗಾಳಿ ಬಂದೊಡನೆ ಬಿಗಿಯಬೇಕು. ಬಿಗಿದ ಮೇಲೆಯೇ ಮೇಲಿನವನು ಕಾಲು ತೆಗೆಯಬೇಕು. ದೂರದ ಗಾಲಿಯಿಂದ ಆರಂಭಿಸಿ ಹತ್ತಿರದ್ದಕ್ಕೆ ಬರಬೇಕು. "ಒತ್ತು," "ಹಿಡ್ಕೊ," "ಬುಡು" ಎಂದು ತಮ್ಮ ಕೆಳಗಿನಿಂದ ಕೂಗುತ್ತಿದ್ದ. "ಒತ್ತಿದೆ," "ಹಿಡಿದಿದ್ದೇನೆ," "ಬಿಟ್ಟೆ" ಎಂದು ನಾನು ಮೇಲಿನಿಂದ. ಎರಡು ದಿನ ಇದೇ ಸಂಭಾಷಣೆ. ಮೂವತ್ತೆರಡು ವರ್ಷಗಳ ನಂತರ ಅಣ್ಣತಮ್ಮಂದಿರು ಆಡಿದ ಮಾತುಗಳಲ್ಲಿ ಕ್ರಿಯಾಪದಗಳ ಹೊರತು ಬೇರೇನೂ ಇರಲಿಲ್ಲ. ಎರಡನೆಯ ದಿನ ಸಂಜೆ ಪೆಡಲು ನನ್ನ ಪಾದದ ಕೆಳಗೆ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. "ನಿಂತ್ಕತಾ?" ಎಂದ. "ನಿಂತಿತು" ಎಂದೆ. ಅವನು ಗಾಡಿಯ ಅಡಿಯಿಂದ ಹೊರಬಂದು ಕೈ ನೀಡಿದ, ಎಳೆದು ಎಬ್ಬಿಸಿದೆ.

ಎಂಜಿನ್ನು ಜಾಮಾಗಿತ್ತು. ನಾಲ್ಕು ಪ್ಲಗ್ಗು ಬಿಚ್ಚಿ ರಂಧ್ರಗಳಿಗೆ ಡೀಸೆಲು, ಎಂಜಿನ್ ಆಯಿಲು ಬೆರೆಸಿ ಸುರಿದು ವಾರಗಟ್ಟಲೆ ಬಿಟ್ಟೆವು. ಆತುರಪಟ್ಟು ಹ್ಯಾಂಡಲಿಗೆ ಜೋತುಬಿದ್ದರೆ ಉಂಗುರ ಮುರಿಯುತ್ತದೆಂದು ಮೇಸ್ತ್ರಿಗಳ ಎಚ್ಚರಿಕೆ. ದಿನಕ್ಕೊಮ್ಮೆ ಮೆಲ್ಲನೆ ಆಚೆ ಈಚೆ ಆಡಿಸುತ್ತ, ಹತ್ತೊಂಬತ್ತನೆಯ ದಿನ ಅದು ಒಂದು ಬೆರಳಷ್ಟು ಕದಲಿತು. ಆಮೇಲೆ ಹೆಡ್ಡು ಇಳಿಸಿ ನೋಡಿದೆವು. ಈ ಎಂಜಿನ್ನಿನ ರಚನೆ ವಿಶೇಷವಾದದ್ದು: ಗಾಳಿ ಪೆಟ್ರೋಲು ಒಳಬರುವ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವುಗಳು ಕೆಳಗೆ ಬ್ಲಾಕಿನ ಮಗ್ಗುಲಲ್ಲಿ. 134 ಘನ ಅಂಗುಲ, ಅಂದರೆ ಸುಮಾರು 2.2 ಲೀಟರಿನ ಈ ಎಂಜಿನ್ನಿಗೆ ಹರಿಕೇನ್ ಎಂದು ಹೆಸರು. ಹೆಸರಿಗೆ ಬಿರುಗಾಳಿ, ನಡಿಗೆಗೆ ಎತ್ತು. ನಮ್ಮ ಗಾಡಿ ನಿಂತ 1990ರಲ್ಲಿ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಆ ಸೀಸ ವಾಲ್ವಿನ ಕೂರುವ ಜಾಗಕ್ಕೆ ಮೆತ್ತೆಯಂತೆ ಒದಗುತ್ತಿತ್ತು. ಸಾವಕಾಶವಾಗಿ ಓಡಿಸಿದರೆ ಭಯವಿಲ್ಲವೆಂದು ಮೇಸ್ತ್ರಿಗಳು ವಾಲ್ವುಗಳನ್ನು ಅರೆದು ಕೂರಿಸಿಕೊಟ್ಟರು.

ಪೆಟ್ರೋಲಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಬೇಕು. 2022ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲು ಎಥೆನಾಲ್ ಬೆರೆಸಲಾಗುತ್ತಿತ್ತು. 2025ರಲ್ಲಿ ಅದು ಇಪ್ಪತ್ತು ಪಾಲಾಯಿತು. ಕಬ್ಬಿನ ಹಾಲು, ಸಕ್ಕರೆ ಕಾರ್ಖಾನೆಯ ಕಾಕಂಬಿ, ಅಕ್ಕಿ, ಮೆಕ್ಕೆಜೋಳಗಳಿಂದ ತೆಗೆದ ಮದ್ಯಸಾರವದು. ಹಳೆಯ ಗಾಡಿಗಳ ರಬ್ಬರು ಪೈಪು, ಕಾರ್ಬ್ಯುರೇಟರಿನ ಬಿರಟೆಗಳು ಅದರಲ್ಲಿ ಊದಿ ಮೆತ್ತಗಾಗುತ್ತವೆ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಗಸಿಯನ್ನೂ ಎಬ್ಬಿಸುತ್ತದೆ. ಹೀಗಾಗಿ ಟ್ಯಾಂಕು ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿ ಕುಲುಕಿ ತುಕ್ಕು ಕೀಳಬೇಕಾಯಿತು. ತೂತಿಗೆ ಬೆಸುಗೆ ಹಾಕುವ ಮುಂಚೆ ಟ್ಯಾಂಕನ್ನು ಹಲವು ಸಲ ತೊಳೆದು ಬೆಸುಗೆಯ ಜಾಗದವರೆಗೂ ನೀರು ತುಂಬಿಸಿದೆವು. ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ದ್ರವವಲ್ಲ, ಉಳಿದ ಆವಿ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥದಕ್ಕೆ ಬದಲಿಸಿದೆವು. ಆಗ ತಮ್ಮ ಒಂದು ಮಾತು ಹೇಳಿದ: "ಕಬ್ಬಿನ್ ಬೆಲ್ಲ ಹೊತ್ತಿದ್ ಗಾಡಿ ಕನಣ್ಣ. ಈಗ ಕಬ್ಬೇ ಕುಡಿಯೋ ಹಂಗಾಯ್ತು." ನಾನು ನಕ್ಕೆ. ಅವನು ನನ್ನನ್ನು "ಅಣ್ಣ" ಎಂದದ್ದು ಅಂದೇ ಮೊದಲು.

ಎಡಬಾಗಿಲಿನ ಒಳಹಿಡಿ ಎಲ್ಲಿಯೂ ಸಿಗಲಿಲ್ಲ. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಮನೆತನಗಳು ತಲೆತಲಾಂತರದಿಂದ ಇವೆ. ನನ್ನ ಶಿಷ್ಯನೊಬ್ಬ ಆ ಕಸುಬಿನವನು. ಬಲಬಾಗಿಲಿನ ಹಿಡಿಯನ್ನು ಮಾದರಿಗೆ ಒಯ್ದುಕೊಟ್ಟೆ. ಅವನು ಜೇನುಮೇಣದಲ್ಲಿ ಅದರ ಕನ್ನಡಿಬಿಂಬವನ್ನು ತಿದ್ದಿ, ಮಣ್ಣು ಮೆತ್ತಿ, ಸುಟ್ಟು ಮೇಣ ಕರಗಿಸಿ, ಆ ಪೊಳ್ಳಿಗೆ ಹಿತ್ತಾಳೆ ಹೊಯ್ದ. ದೇವರ ಕೈ ಮಾಡುವ ಕೈ ಬಾಗಿಲಿನ ಕೈ ಮಾಡಿತು. ದುಡ್ಡು ಕೇಳಿದ್ದಕ್ಕೆ, "ಸೌಮ್ಯಕೇಶವನ ಗುಡಿ ಮುಂದೆ ಒಂದು ಸಲ ಗಾಡಿ ತಂದು ನಿಲ್ಸಿ ಸಾರ್, ಸಾಕು" ಎಂದ.

ಕಾಗದಪತ್ರಗಳ ಕೆಲಸ ಎಂಜಿನ್ನಿಗಿಂತ ಹೆಚ್ಚು ಜಾಮಾಗಿತ್ತು. ಆರ್.ಸಿ. ತಂದೆಯವರ ಹೆಸರಿನಲ್ಲೇ ಇತ್ತು. 50 ವರ್ಷ ಮೀರಿದ ಹಳೆಯ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಆದರೆ ಅದು ಸ್ವಂತ ಬಳಕೆಯ ವಾಹನಗಳಿಗೆ, ಸರಕು ಸಾಗಿಸುವ ನಮ್ಮ ಗಾಡಿಗೆ ಒದಗಲಿಲ್ಲ. ಎಲ್ಲರೂ ಹೋಗುವ ಹಾದಿಯಲ್ಲೇ ಹೋಗಬೇಕಾಯಿತು. ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದೆವು. ಮಾಲೀಕರು ತೀರಿಕೊಂಡ ಗಾಡಿಯನ್ನು ಒಬ್ಬ ವಾರಸುದಾರನ ಹೆಸರಿಗೆ ಮಾಡಬೇಕಾದರೆ ಮಿಕ್ಕವರ ಒಪ್ಪಿಗೆ ಬೇಕು. ನಾನು ಒಪ್ಪಿಗೆ ಪತ್ರವನ್ನು ನನ್ನ ಕೈಯಲ್ಲೇ ಬರೆದೆ: ಸದರಿ ವಾಹನದಲ್ಲಿ ನನ್ನ ಹಕ್ಕು ಏನೂ ಇರುವುದಿಲ್ಲ, ಅದು ನನ್ನ ತಮ್ಮನಿಗೆ ಸೇರತಕ್ಕದ್ದು. 1990ರಲ್ಲಿ ಬರೆಯಬೇಕಿದ್ದ ವಾಕ್ಯ. ನನ್ನ ಬರವಣಿಗೆಯಲ್ಲಿ ಅಕ್ಷರ ಅಷ್ಟು ನಡುಗಿದ್ದನ್ನು ನಾನು ಕಂಡಿರಲಿಲ್ಲ. ಓದಿ ನೋಡಿ ತಮ್ಮ ಮಡಿಚಿ ಜೇಬಿಗಿಟ್ಟ.

2022ರ ಕಾರ್ತಿಕ ಮಾಸದ ಒಂದು ಭಾನುವಾರ ಎಲ್ಲ ಸಿದ್ಧವಾಯಿತು. ಪಾಯಿಂಟಿನ ಸಂದು 0.020 ಅಂಗುಲ, ಅಂದರೆ ಅರ್ಧ ಮಿಲಿಮೀಟರು. ಫೀಲರ್ ಗೇಜಿನ ಎಲೆ ಅದರಲ್ಲಿ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಬೇಕು. ಆ ಸಂದು ತೆರೆದ ಕ್ಷಣದಲ್ಲಿ ಕಾಯಿಲಿನೊಳಗಿನ ಕಾಂತಕ್ಷೇತ್ರ ಕುಸಿದು, 12 ವೋಲ್ಟು ಸಾವಿರಾರು ವೋಲ್ಟಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಮೇಸ್ತ್ರಿಗಳು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, "ಇದರ ರೋಟರೇ ಇಲ್ಲವಲ್ಲ! ಇಷ್ಟು ದಿನ ಯಾರೂ ಹೇಳಲಿಲ್ಲವೇ?" ಎಂದರು. ತಮ್ಮ ಬೇರೆ ಕಡೆ ನೋಡಿದ. ನಾನು ಜೇಬಿನಿಂದ ಅದನ್ನು ತೆಗೆದು, ಹತ್ತು ತಿಂಗಳಿನಿಂದ ದಿನವೂ ಜೇಬಿನಲ್ಲಿ ತಂದು ದಿನವೂ ವಾಪಸು ಒಯ್ಯುತ್ತಿದ್ದುದನ್ನು, ಅವನ ಕೈಯಲ್ಲಿಟ್ಟೆ. "ನಾನೇ ತೆಗೆದಿದ್ದೆ" ಎಂದೆ.

"ಗೊತ್ತು" ಎಂದ.

"ಗೊತ್ತಿದ್ದರೆ ಒಂದು ಹೊಸದು ತಂದು ಹಾಕಿಕೊಳ್ಳಬಹುದಿತ್ತಲ್ಲೋ. ಎಷ್ಟು ಮಹಾ ಬೆಲೆ!"

ಅವನು ಅದರ ಹಿತ್ತಾಳೆಯ ಪಟ್ಟಿಯನ್ನು ಮರಳುಕಾಗದದಲ್ಲಿ ತಿಕ್ಕುತ್ತ, "ಇಪ್ಪತ್ ರೂಪಾಯ್ ಮಾಲು ಕನಣ್ಣ. ತರಕ್ಕಾಗ್ತಿರ್ನಿಲ್ವಾ? ನೀನೇ ತಂದ್ಕೊಟ್ಟೀಯೆ ಅಂತ ಕಾಯ್ತಿದ್ದೆ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು" ಎಂದ.

ನಾನು ಗಡಿಯಲ್ಲಿದ್ದ ಗಾಡಿಯನ್ನು ಕಂಡಾಗಲೆಲ್ಲ, ಅವನು ಹಟಕ್ಕೆ ಅದನ್ನು ಕೊಳೆಯಿಸುತ್ತಿದ್ದಾನೆಂದು ಅಂದುಕೊಂಡವನು. ಅವನು ನನಗೆ ಬಾಗಿಲು ತೆರೆದಿಟ್ಟಿದ್ದ. ಹನ್ನೊಂದು ಸಾವಿರಕ್ಕೂ ಮೀರಿದ ದಿನಗಳಲ್ಲಿ ಯಾವ ದಿನವಾದರೂ ನಾನು ಹೋಗಿ ಕೊಟ್ಟುಬಿಡಬಹುದಿತ್ತು; ಆ ಹೆಣ್ಣುಮಗಳು ಬದುಕಿದ್ದಾಗ ಕೊಟ್ಟಿದ್ದರೆ ಅವಳ ಕೈಯ ಒಂದು ಲೋಟ ಕಾಫಿಯನ್ನಾದರೂ ಕುಡಿಯುತ್ತಿದ್ದೆ.

ಆ ರೋಟರನ್ನೇ ಹಾಕಿದೆವು. ಬೇಕಲೈಟು ಬಿರಿದಿರಲಿಲ್ಲ. ಮೂರನೆಯ ಹ್ಯಾಂಡಲಿಗೆ ಎಂಜಿನ್ನು ಒಮ್ಮೆ ಕೆಮ್ಮಿ, ಹೊಂಗೆಮರದ ಹಕ್ಕಿಗಳನ್ನೆಲ್ಲ ಎಬ್ಬಿಸಿ, ನೀಲಿ ಹೊಗೆ ಬಿಟ್ಟು ನಡೆಯತೊಡಗಿತು. ಮೊಮ್ಮಗ ಕುಣಿದ. ನನಗೆ ಕನ್ನಡಕ ಒರೆಸಿಕೊಳ್ಳುವ ಕೆಲಸ ಬಿತ್ತು.

ತಗಡಿನ ಕೆಲಸ, ಬಣ್ಣ, ಕಾಗದಪತ್ರಗಳೆಲ್ಲ ಮುಗಿದು ಗಾಡಿ ರಸ್ತೆಗೆ ಇಳಿದದ್ದು 2024ರ ಮಾರ್ಚಿನಲ್ಲಿ. ಮೊದಲು ಶ್ರೀರಂಗಪಟ್ಟಣಕ್ಕೆ ಹೋಗಿ ಮೇಸ್ತ್ರಿಗಳನ್ನು ಕೂರಿಸಿಕೊಂಡೆವು. ಅಲ್ಲಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ, ಕೊಟ್ಟ ಮಾತಿನಂತೆ ಸೌಮ್ಯಕೇಶವನ ಗುಡಿಯ ಮುಂದೆ ನಿಲ್ಲಿಸಿದೆವು. ಇನ್ನೊಂದು ದಿನ ಕೃಷ್ಣರಾಜಪೇಟೆಗೆ ಹೋಗಿ ನಾನು ಪಾಠ ಹೇಳಿದ ಶಾಲೆಯ ಗೇಟಿನ ಮುಂದೆ ನಿಂತು ಬಂದೆವು. ನಲವತ್ತು ಕಿಲೋಮೀಟರಿಗಿಂತ ಹೆಚ್ಚು ವೇಗ ಹೋಗುವುದಿಲ್ಲ. ಹಿಂದಿನವರ ಹಾರನ್ನಿಗೆ ತಮ್ಮ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲವೂ ದುರಸ್ತಿಯಾಗಿದೆ ಎಂದರೆ ಸುಳ್ಳಾಗುತ್ತದೆ. ಎರಡನೆಯ ಗೇರು ಒಮ್ಮೊಮ್ಮೆ ತಾನಾಗಿ ಜಾರುತ್ತದೆ. ಬಲಭಾಗದ ವೈಪರು ಮನಸ್ಸು ಬಂದರೆ ತಿರುಗುತ್ತದೆ. ಅಣ್ಣತಮ್ಮಂದಿರ ಮಧ್ಯೆಯೂ ಅಷ್ಟೇ. ಕೆಲವು ವರ್ಷಗಳ ಮಾತು ಬಂದರೆ ಇಬ್ಬರೂ ಸುಮ್ಮನಾಗುತ್ತೇವೆ, ಆ ಜಾಗದ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ನಮ್ಮಿಬ್ಬರ ನಡುವೆ ಬಿಸಿಯಾದ ತಗಡಿನ ಪೆಟ್ಟಿಗೆ ಗುಡುಗುತ್ತಿರುತ್ತದೆ. ಅದರ ಮೇಲಿಂದ ಅವನು ಗಂಟಲೆತ್ತಿ ಕೂಗುತ್ತಾನೆ, ನಾನೂ ಕೂಗುತ್ತೇನೆ. ದಾರಿಯಲ್ಲಿ ನೋಡಿದವರು ಈ ಮುದುಕರು ಇನ್ನೂ ಜಗಳವಾಡುತ್ತಿದ್ದಾರೆಂದು ತಿಳಿಯಬಹುದು. ನಾವು ಆಡುವುದು ಸಾಮಾನ್ಯವಾಗಿ ಈ ವರ್ಷದ ಮಳೆಯ ವಿಚಾರ.

ನನ್ನ ಪ್ರೀತಿಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ನಿಮ್ಮ ಮೇಜಿನ ಖಾನೆಯಲ್ಲಿ ಮತ್ತೊಬ್ಬರ ಗಾಡಿಯ ರೋಟರು ಏನಾದರೂ ಇದ್ದರೆ, ಇಂದು ಸಂಜೆಯೇ ಹೋಗಿ ಕೊಟ್ಟು ಬನ್ನಿ. ಇದು ಮೇಷ್ಟ್ರು ಹೇಳುವ ನೀತಿಯಲ್ಲ. ಮೂವತ್ತೆರಡು ವರ್ಷ ತಡವಾಗಿ ಮನೆಪಾಠ ಒಪ್ಪಿಸಿದ ಹಿಂದಿನ ಬೆಂಚಿನವನೊಬ್ಬನ ಅರಿಕೆ.